ಶಿಬಿರ ಮುಗಿದ ಮರುದಿನ ಏನು?

ಒಮಾನಿನಲ್ಲಿ ನಮ್ಮವರು ನಡೆಸುವ ರಕ್ತದಾನ ಶಿಬಿರಗಳ ಬಗ್ಗೆ ನಮಗೆ ಅಭಿಮಾನವಿದೆ. ಈ ದೇಶದಲ್ಲಿ ಸಿಕಲ್ ಸೆಲ್, ತಲಸ್ಸೇಮಿಯಾ ಕಾಯಿಲೆಯ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಬೇಕು. ವಾರದ ಒಂದೇ ರಜೆ ಬಿಟ್ಟು ಬೌಶರ್‌ನ ಬ್ಲಡ್ ಬ್ಯಾಂಕಿಗೆ ಬಂದು ಕೈ ಚಾಚುವ ಉಳ್ಳಾಲದ, ಬಂಟ್ವಾಳದ ಹುಡುಗರ ರಕ್ತ ಯಾವ ಮಗುವಿಗೆ ಸೇರಿತೋ ಅಲ್ಲಾಹನೇ ಬಲ್ಲ. ಆದರೆ ಅದೇ ಹುಡುಗನ ರೂಮಿನಲ್ಲಿರುವ, ಐವತ್ತು ದಾಟಿದ ಕಾಕನ ಬಿಪಿ ನೋಡಿದವರು ಯಾರು?

ಇಲ್ಲಿನ ಆರೋಗ್ಯ ಸೇವೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. 1909ರಲ್ಲಿ ಅಮೆರಿಕನ್ ಮಿಷನ್ನಿನ ಡಾ. ಶೆರನ್ ಥಾಮ್ಸ್ ಇಲ್ಲಿಗೆ ಬಂದರು. 1913ರಲ್ಲಿ ಟೆಲಿಫೋನ್ ತಂತಿ ಎಳೆಯುವಾಗ ಕಂಬದಿಂದ ಬಿದ್ದು ತೀರಿಕೊಂಡರು. ಅದೇ ಸುಮಾರಿಗೆ ಡಾ. ಸಾರಾ ಹಾಸ್ಮನ್ ಮಸ್ಕತ್‌ನಲ್ಲಿ ಹೆಂಗಸರಿಗೆ ಚಿಕಿತ್ಸೆ ಶುರು ಮಾಡಿದರು. ಅವರ ಒಂದು ಕಾಲು ಮರದ್ದು! 1939ರಲ್ಲಿ ಥಾಮ್ಸರ ಮಗ ಡಾ. ವೆಲ್ಸ್ ಥಾಮ್ಸ್ ಬಂದು 1970ರವರೆಗೆ ಮತ್ರಾದಲ್ಲೇ ದುಡಿದರು. ಮತಪ್ರಚಾರವೂ ಅವರ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ರೋಗಿ ಬರಲಿ ಅಂತ ಕೂರದೆ ಒಳನಾಡಿನ ಊರುಗಳಿಗೆ ತಾವೇ ಹೋದರು.

1970ರ ನಂತರ ಸುಲ್ತಾನ್ ಖಾಬೂಸರ ಸರಕಾರ ಆಸ್ಪತ್ರೆಗಳನ್ನು ಕಟ್ಟಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳನ್ನು ತೂಗಿದಾಗ ಒಮಾನಿಗೆ 8ನೇ ಸ್ಥಾನ ಸಿಕ್ಕಿತು. ಇದು ಬರೀ ಕಟ್ಟಡದಿಂದ ಆದದ್ದಲ್ಲ. 1990ರ ದಶಕದಲ್ಲಿ ಊರೂರಿನ ಒಮಾನಿ ಹೆಂಗಸರು ಸ್ವಯಂಸೇವಕಿಯರಾಗಿ ತರಬೇತಿ ಪಡೆದರು. ಸಂಬಳವಿಲ್ಲದೆ ಮನೆಮನೆಗೆ ಹೋಗಿ ಮಗುವಿಗೆ ಚುಚ್ಚುಮದ್ದು ಆಯ್ತಾ, ಎದೆಹಾಲು ಕೊಡ್ತಿದ್ದೀರಾ ಅಂತ ವಿಚಾರಿಸಿದರು. ನೆರೆಮನೆಯವಳು ಕೇಳಿದರೆ ತಾಯಿ ಸುಳ್ಳು ಹೇಳುವುದು ಕಷ್ಟ.

ನಮ್ಮ ರೂಮುಗಳಲ್ಲಿ ಹಾಗೆ ಕೇಳುವವರಿಲ್ಲ. "ಶುಗರಾ? ಊರಿಗೆ ಹೋದಾಗ ನೋಡ್ತೇನೆ" ಅನ್ನುತ್ತಾರೆ. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಮಾತ್ರೆಯೂ ಊರಿಂದ ಯಾರಾದರೂ ತರಬೇಕು. ಅದು ಮುಗಿದರೆ ಅರ್ಧರ್ಧ ಮಾಡಿ ನುಂಗುವುದು, ಇಲ್ಲಾ ಬಿಟ್ಟುಬಿಡುವುದು. ಕೊನೆಗೆ ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ ಮಯ್ಯಿತ್ ಕಳಿಸುವ ಕಾಗದಪತ್ರಕ್ಕೆ ನಾವೆಲ್ಲ ಓಡುತ್ತೇವೆ. ಆ ಓಟದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಅದರ ಕಾಲು ಭಾಗ ಮೊದಲೇ ಓಡಿದ್ದರೆ?

ಓಡಲು ಬರುತ್ತದೆ ಎಂಬುದಕ್ಕೆ 2020 ಸಾಕ್ಷಿ. ವಿಮಾನಗಳು ನಿಂತಿದ್ದವು, ಏಪ್ರಿಲ್ 1ರಿಂದ ಮತ್ರಾ ಮುಚ್ಚಿತ್ತು. ಆಗ ಸ್ವಯಂಸೇವಕರು ಅಕ್ಕಿ-ಬೇಳೆ ಕಿಟ್ ಜೊತೆಗೆ ಹಳೆಯ ಚೀಟಿ ಹಿಡಿದು ಇಲ್ಲಿನ ಫಾರ್ಮಸಿಗಳಲ್ಲಿ ಅದೇ ಮದ್ದನ್ನು ಬೇರೆ ಹೆಸರಿನಲ್ಲಿ ಹುಡುಕಿಸಿ ಕೊಟ್ಟರು. ಯಾವ ರೂಮಿನಲ್ಲಿ ಯಾರಿಗೆ ಇನ್ಸುಲಿನ್ ಬೇಕು ಎಂಬ ಲೆಕ್ಕ ಅವರ ಮೊಬೈಲಲ್ಲಿತ್ತು. ರೋಗ ಕಡಿಮೆಯಾಯಿತು, ಆ ಲೆಕ್ಕವೂ ಹೋಯಿತು. ಫೋಟೋಗಳು ಮಾತ್ರ ಉಳಿದಿವೆ.

ನಮ್ಮ ಅಭಿಪ್ರಾಯವಿಷ್ಟೆ: ರಕ್ತದಾನ ನಡೆಯಲಿ, ಅದರ ಬ್ಯಾನರ್ ಖರ್ಚಿನಲ್ಲಿ ಬಿಪಿ ಮೆಷಿನ್ ಬರಲಿ. ರೂವಿ, ಬರ್ಕಾ, ಸೊಹಾರ್, ಸಲಾಲಾ ಎಲ್ಲೇ ಇರಲಿ, ಪ್ರತಿ ಬಿಲ್ಡಿಂಗಿಗೆ, ಕ್ಯಾಂಪಿಗೆ ಇಬ್ಬರು ಯುವಕರು. ಅವರಿಗೆ ನಮ್ಮಲ್ಲೇ ಇರುವ ನರ್ಸುಗಳಿಂದ ಒಂದು ದಿನದ ತರಬೇತಿ. ತಿಂಗಳಿಗೊಮ್ಮೆ ಅಳತೆ, ಒಂದು ನೋಟ್‌ಬುಕ್. ಹೆಚ್ಚು ಕಂಡರೆ ಅವರೇ ಕರಕೊಂಡು ಡಾಕ್ಟರ್ ಬಳಿ ಹೋಗಬೇಕು. "ಹೋಗಿ ಕಾಕ" ಅಂದರೆ ಕಾಕ ಹೋಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ ಎಂಬ ಕಾನೂನನ್ನೂ ಅವರೇ ಎಲ್ಲರಿಗೂ ತಿಳಿಸಲಿ. ಬೇಸಿಗೆ ಬರುವ ಮೊದಲು ಹೆಸರು ಕೊಡುವವರು ತಮ್ಮ ಘಟಕದಲ್ಲಿ ಕೊಡಿ.