ಇಸಾರ ಕೊಡುವ ಮೊದಲು ಪೂರಾ ಖರ್ಚು ಬರೆಸಿಕೊಳ್ಳಿ

ಠಾಣಾ ಕುಶನೂರ ಹೋಬಳಿಯ ಬಂಧುಗಳೇ,

ಸೋಯಾ, ತೊಗರಿ ಮಾರಿ ನಾಲ್ಕು ಕಾಸು ಕೂಡಿದರೆ, ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮಗ ರೊಕ್ಕ ಕಳಿಸಿದರೆ, ಮನೆಯಲ್ಲಿ ಏಳುವ ಮಾತು ಒಂದೇ: ಬೀದರದಲ್ಲಿ ಇಲ್ಲವೇ ಭಾಲ್ಕಿಯಲ್ಲಿ ಒಂದು ಮನೆ ಹಿಡಿದು ಕಿರಾಯಿಗೆ ಕೊಡೋಣ. ಆಸೆ ತಪ್ಪಲ್ಲ. ಆದರೆ ದಲ್ಲಾಳಿ ಹೇಳುವುದು ಮನೆಯ ರೇಟು ಮಾತ್ರ. ಮೇಲಿನ ಖರ್ಚು ಕೇಳಿದರೆ "ಅದೇನ್ ಭಾಳ ಇಲ್ಲ ಕಾಕಾ, ಆಮ್ಯಾಲ ನೋಡೋಣು" ಅನ್ನುತ್ತಾನೆ. ಭಾಳ ಇದೆಯೋ ಇಲ್ಲವೋ, ನೀವೇ ನೋಡಿ.

ಬೀದರ ನಗರದಲ್ಲಿ 10 ಲಕ್ಷದ ಹಳೆಯ ಮನೆ ಹಿಡಿದಿರಿ ಎನ್ನಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 50,000. ಆ ಶುಲ್ಕದ ಮೇಲೆ ಶೇ. 10 ಸೆಸ್, 5,000. ಶೇ. 2 ಸರ್‌ಚಾರ್ಜ್, 1,000. ಹಳ್ಳಿಯಲ್ಲಾದರೆ ಇದು ಶೇ. 3. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದು 20,000. ಸರ್ಕಾರಕ್ಕೇ 76,000 ಆಯಿತು. ದಲ್ಲಾಳಿ ನೂರಕ್ಕೆ ಎರಡು ಹಿಡಿದರೆ ಇನ್ನೂ 20,000. ಕೂಡಿಸಿದರೆ 96,000. ಆ ಮನೆಗೆ ತಿಂಗಳಿಗೆ 4,000 ಕಿರಾಯಿ ಬಂದರೆ ಮೊದಲ ಎರಡು ವರ್ಷದ ಪೂರಾ ಕಿರಾಯಿ ಈ ಖರ್ಚಿಗೇ ಹೋಯಿತು. ಸುಣ್ಣ-ಬಣ್ಣ, ಬೋರ್‌ವೆಲ್ ಮೋಟರಿನ ರಿಪೇರಿ, ಮನೆ ತೆರಿಗೆ, ಕಿರಾಯಿಗಿದ್ದ ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಖಾಲಿ ಬೀಳುವ ತಿಂಗಳುಗಳು, ಇವು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವರ್ಷದ ಕಿರಾಯಿ 48,000ದಲ್ಲಿ ಇವನ್ನೆಲ್ಲ ಕಳೆದು, ಉಳಿದದ್ದನ್ನು ಬ್ಯಾಂಕಿನ ಠೇವಣಿ ಬಡ್ಡಿಯ ಪಕ್ಕಕ್ಕಿಟ್ಟು ನೋಡಿ. ಆಮೇಲೆ ನಿಮ್ಮ ಇಷ್ಟ.

ಈ ಖರ್ಚು ಉಳಿಸುತ್ತೇವೆಂದು ಹೇಳಿ ಕೆಲವರು ಎನ್.ಎ. (ಕೃಷಿಯೇತರ) ಆಗದ ಹೊಲವನ್ನು ತುಂಡು ಮಾಡಿ ಬರೀ ಬಾಂಡ್ ಮೇಲೆ ಮಾರುತ್ತಾರೆ. ಅದು ಎಲ್ಲಕ್ಕಿಂತ ತುಟ್ಟಿ ವ್ಯವಹಾರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಆಗಲೇಬೇಕು. ಬಾಂಡ್ ಹಿಡಿದುಕೊಂಡವನು ಪ್ಲಾಟಿನ ಮಾಲೀಕನಲ್ಲ. ಪಹಣಿ ಹೊಲದವನ ಹೆಸರಿನಲ್ಲೇ ಉಳಿಯುತ್ತದೆ, ನಾಳೆ ಅವನ ಮಕ್ಕಳು ಪಾಲು ಕೇಳಿ ನಿಲ್ಲುತ್ತಾರೆ. ಪಂಚಾಯಿತಿ ಹದ್ದಿನ ಪ್ಲಾಟಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಅಲ್ಲೇ ನಿಲ್ಲಿ, ತಿಳಿದವರನ್ನು ಕೇಳಿ.

ಖರೀದಿ ಪತ್ರದಲ್ಲಿ ರೇಟು ಕಡಿಮೆ ಬರೆಸಿ ಉಳಿದದ್ದನ್ನು ನಗದು ಕೊಡಿ ಎನ್ನುವ ಮಾತಿಗೂ ಕಿವಿಗೊಡಬೇಡಿ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಶುಲ್ಕ ಇಳಿಯುವುದಿಲ್ಲ. ಸ್ಥಿರಾಸ್ತಿಗೆ 20,000 ಮತ್ತು ಅದಕ್ಕೂ ಹೆಚ್ಚು ನಗದು ಪಡೆದವನಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ. ನೀವೂ ಒಂದು ದಿನ ಮಾರುವವರೇ, ನೆನಪಿರಲಿ.

"ಆಫೀಸಿನಾಗ ನಮ್ಮ ಮಂದಿ ಅದಾರ, ಒಂದಿಷ್ಟು ಕೊಡಬೇಕಾಗ್ತದ" ಎಂಬ ಮಾತು ಎಲ್ಲರೂ ಕೇಳಿದ್ದೇ. ಕೊಡಬೇಕಾಗಿಲ್ಲ. ಶುಲ್ಕವನ್ನು ಕಾವೇರಿ 2.0ದಲ್ಲಿ ಆನ್‌ಲೈನ್ ಕಟ್ಟಬಹುದು, ಋಣಭಾರ ಪತ್ರವೂ ಅಲ್ಲೇ ಸಿಗುತ್ತದೆ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಔರಾದದ ಕಚೇರಿಯಲ್ಲಿ ಯಾರಾದರೂ ಅಡ್ಡ ಬಂದರೆ ಭಾಲ್ಕಿಗೆ ಹೋಗಿ. ದಲ್ಲಾಳಿಯ ದುಡಿಮೆಗೆ ನಮ್ಮ ತಕರಾರಿಲ್ಲ. ತಿರುಗಾಡಿ ಕೆಲಸ ಮಾಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ಎಷ್ಟು, ಯಾರಿಂದ, ಒಂದೇ ಕಡೆಯಿಂದಲೋ ಎರಡೂ ಕಡೆಯಿಂದಲೋ ಎಂಬುದು ಇಸಾರ ಕೊಡುವ ಮುಂಚೆಯೇ ಬರಹದಲ್ಲಿರಬೇಕು.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಂತೆ ಬನ್ನಿ. ಪಂಚಾಯಿತಿಯ ಗೋಡೆಯ ಮೇಲೆ ಈ ಎಲ್ಲ ಶುಲ್ಕಗಳ ಕನ್ನಡ ಫಲಕ ಹಾಕಿಸಬೇಕೆಂದು ಠರಾವು ಮಾಡಿಸೋಣ. ಅಲ್ಲಿಯವರೆಗೆ ರಸೀದಿ ಕೊಡದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.