ಡೆಟ್ರಾಯಿಟ್ ಪಕ್ಕದ ಹಳ್ಳಿಗೂ ನೆಟ್ ಇರಲಿಲ್ಲ

ಅಮೆರಿಕ ಅಂದರೆ ಮೂಲೆಮೂಲೆಗೂ ಫಾಸ್ಟ್ ಇಂಟರ್‌ನೆಟ್ ಅನ್ನೋ ನಂಬಿಕೆ ಗಲ್ಫ್ ಕನ್ನಡಿಗರಲ್ಲಿ ಹಲವರಿಗಿದೆ. ಡೆಟ್ರಾಯಿಟ್‌ನಿಂದ ಒಂದು ಗಂಟೆ ದಾರಿಯ ವಾಷ್ಟೆನಾ ಕೌಂಟಿಯ ಕತೆ ಬೇರೆಯೇ. ಅಲ್ಲಿನ ನೆಟ್‌ವರ್ಕ್ ಇಂಜಿನಿಯರ್ ಒಬ್ಬರ ಮನೆಗೆ ಕೇಬಲ್ ಎಳೆಯಲು ದೊಡ್ಡ ಕಂಪನಿ ಕೇಳಿದ್ದು 50 ಸಾವಿರ ಡಾಲರ್! ಅವರು ತಾವೇ ಫೈಬರ್ ಕಂಪನಿ ಶುರುಮಾಡಿದರು. 2022ರಲ್ಲಿ ಕೌಂಟಿ ಆಡಳಿತ ಕೋವಿಡ್ ಪರಿಹಾರ ನಿಧಿಯಿಂದ 26 ಲಕ್ಷ ಡಾಲರ್ ಕೊಟ್ಟು, ಇನ್ನೂ ನೂರಾರು ಮನೆಗಳಿಗೆ ಲೈನ್ ಎಳೆಯೋ ಕೆಲಸ ಅವರಿಗೇ ವಹಿಸಿತು.

ಮನೆಗಳು ದೂರದೂರ ಇದ್ದರೆ ಹಾಕಿದ ದುಡ್ಡು ಹುಟ್ಟೋದಿಲ್ಲ ಅನ್ನೋದು ಕಂಪನಿಗಳ ಲೆಕ್ಕ. 2021ರ ಕಾನೂನಿನಲ್ಲಿ ಅಮೆರಿಕ ಸರ್ಕಾರ 4,245 ಕೋಟಿ ಡಾಲರ್ ತೆಗೆದಿಟ್ಟಿದ್ದು ಇದಕ್ಕೇ. ಲೈನ್ ಬಂದರೂ ಬಿಲ್ ಕಟ್ಟಬೇಕಲ್ಲ? ಕಡಿಮೆ ಆದಾಯದ ಸುಮಾರು 2.3 ಕೋಟಿ ಕುಟುಂಬಗಳಿಗೆ ಸಿಗುತ್ತಿದ್ದ ತಿಂಗಳ 30 ಡಾಲರ್ ರಿಯಾಯಿತಿ, ಹಣ ಮುಗಿದು 2024ರ ಜೂನ್‌ಗೆ ನಿಂತೇಹೋಯಿತು.

ಊರಿನ ಕಡೆಯೂ ತೊಡಕು ಇಂಥದ್ದೇ. ಗ್ರಾಮ ಪಂಚಾಯತಿಗಳಿಗೆ ಫೈಬರ್ ತಲುಪಿಸೋ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ; ಈಗಿನ ಹೆಸರು ಭಾರತ್‌ನೆಟ್. ಹತ್ತು ವರ್ಷದ ನಂತರ, 2021ರ ಜೂನ್ ಮಳೆಯಲ್ಲಿ, ಸುಳ್ಯ ತಾಲೂಕಿನ ರಸ್ತೆ ಬದಿ ಮಗಳ ಆನ್‌ಲೈನ್ ಕ್ಲಾಸಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ಸುತ್ತಿತು. ಪಂಚಾಯತಿ ಆಫೀಸಿಗೆ ಕೇಬಲ್ ಬಂದ ಮಾತ್ರಕ್ಕೆ ಗುಡ್ಡದಾಚೆಯ ಮನೆಗೆ ಬಂದ ಹಾಗಲ್ಲ. ಆ ಕೊನೆಯ ಎರಡು-ಮೂರು ಕಿಲೋಮೀಟರಿಗೆ ದುಡ್ಡು ಯಾರದು? ವಾಷ್ಟೆನಾದಲ್ಲಿ ಸ್ಥಳೀಯ ಆಡಳಿತವೇ ಕೊಟ್ಟಿತು. ಇಲ್ಲಿ ಟಿವಿ ಕೇಬಲಿನವರು ಎಷ್ಟೋ ಊರುಗಳಲ್ಲಿ ಆಗಲೇ ನೆಟ್ ಕೊಡುತ್ತಿದ್ದಾರೆ. ರಜೆಗೆ ಊರಿಗೆ ಹೋದವರು ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಬಹುದು.