ದುಬಾರಿ ಕಂಡೆನ್ಸರ್ ಮತ್ತು ನನ್ನ 1,800 ರೂಪಾಯಿ

ಫ್ಯಾನ್ ನಿಧಾನವಾದರೆ ನಮ್ಮೆಲ್ಲರ ಮನೆಯಲ್ಲೂ ಬರುವ ಮಾತು ಒಂದೇ: "ಕಂಡೆನ್ಸರ್ ಹೋಗಿದೆ." 2.5 ಮೈಕ್ರೋಫ್ಯಾರಡ್‌ನ ಆ ಚಿಕ್ಕ ಡಬ್ಬಿ ತಂದು ಹಾಕುತ್ತೇವೆ, ಫ್ಯಾನ್ ಮತ್ತೆ ತಿರುಗುತ್ತದೆ. ಅದು ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಕಂಡೆನ್ಸರ್, ಅಂದರೆ ಕೆಪಾಸಿಟರ್, ಹಾಡು ಕೇಳುವ ಆಂಪ್ಲಿಫೈಯರ್‌ಗೆ ಬೇಕೆಂದರೆ ಕಥೆಯೇ ಬೇರೆ. ಹತ್ತು ರೂಪಾಯಿಯದೂ ಇದೆ, ಸಾವಿರಾರು ರೂಪಾಯಿಯದೂ ಇದೆ. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಒಳ್ಳೆಯ ಧ್ವನಿ ಎಂದು ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆ ಎಂದು ಹೇಳಲು ಈ ಲೇಖನ.

ನಾನು ವಾಣಿಜ್ಯ ವಿಭಾಗದವನು. "ನಿನಗ್ಯಾಕೋ ಸರ್ಕ್ಯೂಟು?" ಎಂದು ಸೈನ್ಸ್ ಗೆಳೆಯರು ನಗುತ್ತಾರೆ. ಚಾಮರಾಜಪೇಟೆಯಲ್ಲಿ ನನ್ನ ಮಾಮೂ ಅವರದು ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಕಾಲೇಜು ಮುಗಿದ ಮೇಲೆ ಅಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಬರೆಯುತ್ತಾ ನೋಡುತ್ತೇನೆ, ನೋಡುತ್ತಾ ಸ್ವಲ್ಪ ಕಲಿತಿದ್ದೇನೆ.

ಕಳೆದ ವರ್ಷ ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್ ಗುಂಯ್ ಎನ್ನಲು ಶುರುವಾಯಿತು. ಅದು ದಾದಾ ಅವರದು. ರಾತ್ರಿ ಊಟವಾದ ಮೇಲೆ ಅಬ್ಬಾ ಅದರಲ್ಲೇ ಗಜಲ್ ಕೇಳುತ್ತಾರೆ. ಮಾಮೂಗೆ ಹೇಳದೆ ನಾನೇ ಸರಿ ಮಾಡಿ ತೋರಿಸಬೇಕು ಎಂದುಕೊಂಡು ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ ಚಿನ್ನದ ಬಣ್ಣದ ಅಕ್ಷರಗಳಿದ್ದ "ಆಡಿಯೊ ಗ್ರೇಡ್" ಕೆಪಾಸಿಟರ್ ತೋರಿಸಿದರು. ಮೇಲೆ ಪ್ರಸಿದ್ಧ ಜಪಾನಿ ಕಂಪನಿಯ ಹೆಸರು. ಒಂದಕ್ಕೆ 900 ರೂಪಾಯಿ. ಈದಿಯ ಹಣ ಮತ್ತು ಟ್ಯಾಲಿ ಕ್ಲಾಸಿಗೆಂದು ಕೂಡಿಟ್ಟಿದ್ದು ಸೇರಿಸಿ ಎರಡು ಕೊಂಡೆ. ಬಿಲ್ ಕೇಳಲು ನಾಚಿಕೆಯಾಯಿತು. ಕೇಳಲಿಲ್ಲ.

ಹನ್ನೊಂದು ದಿನ ಚೆನ್ನಾಗಿತ್ತು. ಹನ್ನೆರಡನೆಯ ರಾತ್ರಿ ಟಪ್ ಎಂದು ಶಬ್ದ, ಮನೆ ತುಂಬ ಸುಟ್ಟ ವಾಸನೆ. ಮರುದಿನ ಮಾಮೂ ಆ ಡಬ್ಬಿಯನ್ನು ಕತ್ತರಿಸಿ ತೋರಿಸಿದರು. ದೊಡ್ಡ ಡಬ್ಬಿಯೊಳಗೆ ಇನ್ನೊಂದು ಚಿಕ್ಕ ಕೆಪಾಸಿಟರ್! ಹೊರಗೆ ಬರೆದಿದ್ದು 4,700 ಮೈಕ್ರೋಫ್ಯಾರಡ್, 50 ವೋಲ್ಟ್. ಒಳಗಿನದರ ಮೇಲೆ ಇದ್ದದ್ದು 2,200 ಮೈಕ್ರೋಫ್ಯಾರಡ್, 35 ವೋಲ್ಟ್. ನಮ್ಮ ಆಂಪ್ಲಿಫೈಯರ್‌ನಲ್ಲಿ ಆ ಜಾಗದಲ್ಲಿ ಇರುವುದೇ 38 ವೋಲ್ಟ್. ಅಂಗಡಿಗೆ ಹೋಗಿ ಕೇಳಿದರೆ "ಬಿಲ್ ಎಲ್ಲಿ?" ಎಂದರು. ಅಬ್ಬಾ ನನ್ನನ್ನು ಬೈಯಲಿಲ್ಲ. ಒಂದು ತಿಂಗಳು ಸುಮ್ಮನೆ ಮೊಬೈಲಿನಲ್ಲೇ ಗಜಲ್ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಆ ತಿಂಗಳು ನಾನು ಕಲಿತದ್ದು ಇಷ್ಟು. ಕೆಪಾಸಿಟರ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಅದು ಯಾವ ಕೆಲಸ ಮಾಡುತ್ತಿದೆ ಎಂದು ಕೇಳಬೇಕು. ಮೊದಲನೆಯ ಕೆಲಸ, ಕರೆಂಟನ್ನು ಸಮ ಮಾಡುವುದು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದನ್ನು ಡಿಸಿ ಮಾಡಿದಾಗ 100 ಹರ್ಟ್ಸ್‌ನ ಅಲೆ ಉಳಿಯುತ್ತದೆ. ಅದೇ ಗುಂಯ್ ಶಬ್ದ. ಅದನ್ನು ತಡೆಯಲು ದೊಡ್ಡ ಎಲೆಕ್ಟ್ರೋಲಿಟಿಕ್ ಬೇಕು. ಎರಡನೆಯದು, ಡಿಸಿಯನ್ನು ತಡೆದು ಹಾಡನ್ನು ಮಾತ್ರ ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವುದು. ಇದಕ್ಕೆ ಪಾಲಿಪ್ರೊಪಿಲೀನ್ ಫಿಲ್ಮ್ ಒಳ್ಳೆಯದು. ಮೂರನೆಯದು, ಸ್ಪೀಕರ್ ಪೆಟ್ಟಿಗೆಯೊಳಗೆ ಸಣ್ಣ ಸ್ಪೀಕರಿಗೆ ಬೇಕಾದ ತೆಳು ಸ್ವರಗಳನ್ನಷ್ಟೇ ಕಳಿಸುವುದು.

ಎಲೆಕ್ಟ್ರೋಲಿಟಿಕ್‌ನ ಒಳಗೆ ದ್ರವ ಇರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತದೆ. ಶಾಖ 10 ಡಿಗ್ರಿ ಕಡಿಮೆಯಾದರೆ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. ಹಾಗಾದರೆ ನಾವು ವಾಣಿಜ್ಯದವರು ಲೆಕ್ಕ ಹಾಕೋಣ. ಆಂಪ್ಲಿಫೈಯರ್ ಒಳಗೆ 65 ಡಿಗ್ರಿ ಎಂದಿಟ್ಟುಕೊಳ್ಳಿ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ ಅಲ್ಲಿ 8,000 ಗಂಟೆ ಬರುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 32,000 ಗಂಟೆ ಬರುತ್ತದೆ. ದಿನಕ್ಕೆ ನಾಲ್ಕು ಗಂಟೆ ಹಾಡು ಕೇಳಿದರೆ ಮೊದಲನೆಯದು ಐದೂವರೆ ವರ್ಷ, ಎರಡನೆಯದು ಸುಮಾರು 22 ವರ್ಷ. ಚಿನ್ನದ ಅಕ್ಷರಕ್ಕಿಂತ ಡಬ್ಬಿಯ ಮೇಲಿನ "105" ಎಂಬ ಅಂಕಿಗೆ ದುಡ್ಡು ಕೊಡುವುದೇ ಜಾಣತನ ಅಲ್ಲವೇ?

ಹಾಡು ದಾಟಿಸುವ ಕೆಪಾಸಿಟರ್‌ನಲ್ಲೂ ಮೊದಲು ಅಳತೆ ಸರಿಯಿರಬೇಕು. ಮುಂದಿನ ಹಂತದ ರೆಸಿಸ್ಟೆನ್ಸ್ 47 ಕಿಲೋ ಓಮ್ ಇದ್ದರೆ 1 ಮೈಕ್ರೋಫ್ಯಾರಡ್ ಸಾಕು. ಸುಮಾರು 3.4 ಹರ್ಟ್ಸ್‌ವರೆಗೂ ದಾರಿ ಬಿಡುತ್ತದೆ. ಮನುಷ್ಯನ ಕಿವಿ ಕೇಳುವುದೇ ಸುಮಾರು 20 ಹರ್ಟ್ಸ್‌ನಿಂದ. ಅಲ್ಲಿ ಎಷ್ಟೇ ದುಬಾರಿ ಕಂಪನಿಯ 0.1 ಮೈಕ್ರೋಫ್ಯಾರಡ್ ಹಾಕಿದರೂ ತಡೆ 34 ಹರ್ಟ್ಸ್‌ಗೇ ಬರುತ್ತದೆ, ತೀರಾ ಕೆಳಗಿನ ಸ್ವರಗಳು ಸೊರಗುತ್ತವೆ.

ಅಳತೆ ಸರಿಯಾದ ಮೇಲೆ ಕಂಪನಿಯ ಹೆಸರು ಕಿವಿಗೆ ಗೊತ್ತಾಗುತ್ತದೆಯೇ? ಮಾಮೂ ಒಂದು ಪರೀಕ್ಷೆ ಮಾಡಿದರು. 20 ರೂಪಾಯಿಯ ಒಂದು ಫಿಲ್ಮ್ ಕೆಪಾಸಿಟರ್, ಸಾವಿರಕ್ಕೂ ಮೇಲ್ಪಟ್ಟ ಬೆಲೆಯ ಇಂಪೋರ್ಟೆಡ್ ಒಂದು. ಎರಡೂ 1 ಮೈಕ್ರೋಫ್ಯಾರಡ್. ನಡುವೆ ಒಂದು ಸ್ವಿಚ್. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಯಾವುದು ಯಾವುದು ಹೇಳು ಎಂದರು. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ನಾನು ಹಿಗ್ಗಿದೆ. "ನಾಣ್ಯ ಚಿಮ್ಮಿದ್ರೂ ಐದು ಬರುತ್ತೆ ಬೇಟಾ" ಎಂದರು ಮಾಮೂ.

ಇದಕ್ಕೆ ವಿರುದ್ಧವಾದ ಮಾತೂ ಇದೆ. ಅದನ್ನು ಹೇಳಿದವರು ಬಸವನಗುಡಿಯ ಒಬ್ಬ ಹಿರಿಯರು. ನಮ್ಮ ಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ನಡೆಯುತ್ತದಲ್ಲ, 1939ರಲ್ಲಿ ಶುರುವಾದದ್ದು, ಅದಕ್ಕೆ ಅವರು ಚಿಕ್ಕವರಿದ್ದಾಗಿನಿಂದ ಬರುತ್ತಿದ್ದಾರಂತೆ. ಈಗ ಕಾಲು ನೋವು, ಮನೆಯಲ್ಲೇ ಕ್ಯಾಸೆಟ್ ಕೇಳುತ್ತಾರೆ. "ಎಲ್ಲಾನೂ ಇಂಪೋರ್ಟೆಡ್ ಹಾಕ್ಬಿಡಿ ಸಾಬ್ರೇ. ನನಗೆ ಇನ್ನೇನು ಖರ್ಚಿದೆ?" ಎಂದರು.

ಮಾಮೂ ಹೇಳಿದ್ದು: "ಈಗ ಬೇಡ ಸಾರ್. ಸಪ್ಲೈದು ನಾಲ್ಕು ಬದಲಾಯಿಸ್ತೀನಿ, ಟೇಪಿನ ಹೆಡ್ ಕ್ಲೀನ್ ಮಾಡ್ತೀನಿ. ಒಂದು ವಾರ ಕೇಳಿ. ಆಮೇಲೂ ಬೇಕು ಅನ್ನಿಸಿದ್ರೆ ತರಿಸೋಣ."

ಆ ತಿಂಗಳು ಅಂಗಡಿಯ ಬಾಡಿಗೆ ಇನ್ನೂ ಕಟ್ಟಿರಲಿಲ್ಲ. ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು. ಕಡಿಮೆ ಎಂದರೂ 3,000 ರೂಪಾಯಿ ಲಾಭ ಬಿಟ್ಟರು. ಅವರು ಹೋದ ಮೇಲೆ ಯಾಕೆ ಎಂದು ಕೇಳಿದೆ. "ಅವರಿಗೆ ವ್ಯತ್ಯಾಸ ಕೇಳಿಸುತ್ತೆ ಅಂತ ನಾನು ಹೇಳಬೇಕಾಗಿತ್ತು. ನನಗೇ ಕೇಳಿಸಿಲ್ಲ" ಎಂದರು.

ಹಿರಿಯರ ಮಾತು ತಪ್ಪು ಎಂದು ನಾನು ಹೇಳುವುದಿಲ್ಲ. ತಮ್ಮ ದುಡ್ಡು, ತಮ್ಮ ಸಂತೋಷ. ಚೆಂದದ ವಸ್ತು ಒಳಗಿದೆ ಎಂಬ ನೆಮ್ಮದಿಗೂ ಬೆಲೆ ಇದೆ. ಆದರೆ ಮಾರುವವನು ನೆಮ್ಮದಿಯನ್ನು ಧ್ವನಿ ಎಂದು ಹೇಳಿ ಮಾರಬಾರದು. ನಮ್ಮ ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಎಂಬ ಪಾಠವಿದೆ. ಕಿತ್ತಳೆ ಹಣ್ಣಿನ ಉದಾಹರಣೆ ನನಗೆ ಯಾವತ್ತೂ ಹಿಡಿಸಿರಲಿಲ್ಲ. ಕೆಪಾಸಿಟರ್‌ನಲ್ಲಿ ಅರ್ಥವಾಯಿತು. ಮೊದಲ ನೂರು ರೂಪಾಯಿ ಗುಂಯ್ ಶಬ್ದ ತೆಗೆಯುತ್ತದೆ. ಕೊನೆಯ ಸಾವಿರ ಏನು ಕೊಟ್ಟಿತು ಎಂದು ಹುಡುಕಬೇಕಾಗುತ್ತದೆ.

ಆದ್ದರಿಂದ ಗೆಳೆಯರೇ, ಆಂಪ್ಲಿಫೈಯರ್ ಇರಲಿ, ಚಾರ್ಜರ್ ಇರಲಿ, ಬಿಲ್ ಕೇಳಲು ನಾಚಬೇಡಿ. ಎಸ್.ಪಿ. ರೋಡಿನಲ್ಲಿ ಕೇಳುವ ಮೊದಲೇ ಬಿಲ್ ಬರೆಯುವ, ಮೀಟರಿನಲ್ಲಿ ಅಳೆದು ಕೊಡುವ ಅಂಗಡಿಗಳೂ ಇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಇನ್ನೊಂದು ಮಾತು: ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಗೊತ್ತಿರುವವರು ಜೊತೆಗಿಲ್ಲದೆ ಕೈ ಹಾಕಬೇಡಿ.

ಅಬ್ಬಾ ಅವರ ಆಂಪ್ಲಿಫೈಯರ್ ಈಗ ಹಾಡುತ್ತಿದೆ. ಅದರಲ್ಲಿರುವುದು 105 ಡಿಗ್ರಿಯ, 50 ವೋಲ್ಟಿನ ಎರಡು ಸಾಧಾರಣ ಕೆಪಾಸಿಟರ್. ಬಿಲ್ ನನ್ನ ಅಕೌಂಟೆನ್ಸಿ ಪುಸ್ತಕದಲ್ಲಿದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ